ಬೇಕು, ಬಹುದು, ಬಾರದು: ಅನಿವಾರ್ಯತೆ ಮತ್ತು ಸಾಧ್ಯತೆಗಳನ್ನು ಮೂರು ಭಾಷೆಗಳು ನುಡಿಯುವ ಬಗೆ

ಹುಣಸೂರಿನಿಂದ ನಾಗರಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ, ಹೊಲಗದ್ದೆಗಳು ಮುಗಿದು ಕಾಡು ಮೊದಲಾಗುವ ಎಡೆಯಲ್ಲಿ, ವೀರನಹೊಸಹಳ್ಳಿಯೆಂಬ ಊರು ಇದೆ. ಅರಣ್ಯವನ್ನು ಹೊಗುವ ಬಾಗಿಲುಗಳಲ್ಲಿ ಒಂದು ಇಲ್ಲಿಯದು. ಇಂತಹ ಊರಿನಲ್ಲಿ ಸಂಜೆಯ ಹೊತ್ತು ಯಾರಾದರೂ ಆಡಬಹುದಾದ ಎರಡು ಸಾಮಾನ್ಯ ವಾಕ್ಯಗಳನ್ನು ತೆಗೆದುಕೊಳ್ಳೋಣ. ಒಂದು: “ಆನೆ ಈ ದಾರಿಗೆ ಬರಬಹುದು.” ಇನ್ನೊಂದು: “ನೀವು ಈ ದಾರಿಗೆ ಬರಬಹುದು.” ಎರಡರಲ್ಲಿಯೂ ಕ್ರಿಯಾಪದ ಒಂದೇ, ಒಂದಕ್ಷರವೂ ವ್ಯತ್ಯಾಸವಿಲ್ಲ. ಆದರೆ ಅರ್ಥದಲ್ಲಿ ಎಷ್ಟು ಅಂತರ! ಮೊದಲನೆಯದು ಲೋಕಸ್ಥಿತಿಯನ್ನು ಕುರಿತ ಒಂದು ಊಹೆ. ಎರಡನೆಯದು ಒಬ್ಬರು ಇನ್ನೊಬ್ಬರಿಗೆ ಕೊಟ್ಟ ಅನುಮತಿ. ಆನೆಗೆ ಯಾರೂ ಅನುಮತಿ ಕೊಟ್ಟಿಲ್ಲ, ಅದು ಕೇಳಿಯೂ ಇಲ್ಲ.

ಈಗ ಇವೆರಡನ್ನೂ ನಿಷೇಧರೂಪಕ್ಕೆ ತಿರುಗಿಸಿ ನೋಡಿರಿ. ಮೊದಲನೆಯದು “ಆನೆ ಬರಲಿಕ್ಕಿಲ್ಲ” ಎಂದಾಗುತ್ತದೆ. ಎರಡನೆಯದು “ನೀವು ಬರಬಾರದು” ಎಂದಾಗುತ್ತದೆ. ಅಸ್ತ್ಯರ್ಥದಲ್ಲಿ ಒಂದೇ ಮುಖವಾಡ ಧರಿಸಿದ್ದ ಎರಡು ಅರ್ಥಗಳು ನಿಷೇಧದಲ್ಲಿ ಬೇರೆಬೇರೆಯಾಗಿ ನಿಂತುವು. ಬಾಗಿಲ ಬಳಿಯ ಕಾವಲುಗಾರನು “ಇಂದು ಆನೆ ಬರಬಾರದು” ಎಂದರೆ ಕೇಳಿದವರು ನಗುವರು. ಇಲಾಖೆಯ ಆಜ್ಞೆಯನ್ನು ಆನೆ ಓದಿಕೊಂಡಿರುವಂತೆ ಅದು ಕೇಳಿಸುತ್ತದೆ.

ಆಮ್ಲವನ್ನೂ ಕ್ಷಾರವನ್ನೂ ಬಣ್ಣದಿಂದ ಗುರುತಿಸಲಾಗದಿದ್ದಾಗ ನಾವು ಲಿಟ್ಮಸ್ ಕಾಗದವನ್ನು ಅದ್ದುತ್ತೇವೆ. ಮಾತಿನ ವಿಷಯದಲ್ಲಿ ನಿಷೇಧವು ಅಂತಹುದೇ ಒಂದು ಪರೀಕ್ಷಕ ದ್ರವ್ಯ. ಬೇಕು, ಬಹುದು ಮೊದಲಾದ ಮಾತುಗಳಿಗೆ ಇದನ್ನು ಸೋಕಿಸಿದಾಗ ಏನಾಗುತ್ತದೆಂಬುದನ್ನು ಇಂಗ್ಲಿಷು, ಝೆಕ್ ಮತ್ತು ಕನ್ನಡಗಳಲ್ಲಿ ನೋಡುವುದು ಈ ಲೇಖನದ ಉದ್ದೇಶ. ಭೌತವಿಜ್ಞಾನವನ್ನು ಕಲಿಸುವವನಿಗೆ ಈ ಉಸಾಬರಿ ಏಕೆಂದು ವಾಚಕರು ಕೇಳಬಹುದು. ಕನ್ನಡದಲ್ಲಿ ಓದಿ ಬಂದು ಇಂಗ್ಲಿಷಿನಲ್ಲಿ ವಿಜ್ಞಾನವನ್ನು ಕಲಿಯಲು ತೊಡಗುವ ಈ ತಾಲ್ಲೂಕುಗಳ ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಕಠಿಣ ಪಾರಿಭಾಷಿಕ ಪದಗಳಲ್ಲಿ ಅಲ್ಲ. ಆ ಪದಗಳನ್ನು ಅವರು ಬಾಯಿಪಾಠ ಮಾಡಿಯಾದರೂ ಗೆಲ್ಲುತ್ತಾರೆ. ಎಡವುವುದು ಮಸ್ಟ್, ಮೇ, ಕ್ಯಾನ್, ಶುಡ್ ಎಂಬ ಪುಟ್ಟ ಪದಗಳಲ್ಲಿ.

“ದೀಪ ಉರಿಯುತ್ತದೆ” ಎಂಬುದು ಬರಿಯ ಹೇಳಿಕೆ. “ದೀಪ ಉರಿಯಬೇಕು”, “ಉರಿಯಬಹುದು”, “ಉರಿಯಲಾರದು” ಎನ್ನುವಾಗ ಸಂಗತಿಯ ಜೊತೆಗೆ, ಆ ಸಂಗತಿ ಯಾವ ಪ್ರಕಾರದಲ್ಲಿ ನಿಜವೆಂಬುದನ್ನೂ ಹೇಳುತ್ತೇವೆ. ಆದುದರಿಂದ ಇಂತಹ ಪದಗಳನ್ನು ಈ ಲೇಖನದ ಮಟ್ಟಿಗೆ ಪ್ರಕಾರಸೂಚಕಗಳೆಂದು ಕರೆಯೋಣ. ನಮ್ಮ ಶಾಲಾ ವ್ಯಾಕರಣಗಳಲ್ಲಿ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ರೂಪಗಳನ್ನು ಎಲ್ಲರೂ ಓದಿರುತ್ತಾರೆ. ವಿಷಯ ಅದಕ್ಕೆ ಸಮೀಪದ್ದೇ. ಇವುಗಳ ನಿಷೇಧವನ್ನು ಕ್ರಮವಾಗಿ ವಿಚಾರಿಸಿದವರಲ್ಲಿ ಬಹು ಹಿಂದಿನವನು ಗ್ರೀಸಿನ ಅರಿಸ್ಟಾಟಲನು. “ಆಗಬಹುದು” ಎಂಬುದರ ನಿಷೇಧ “ಆಗದಿರಬಹುದು” ಎಂಬುದಲ್ಲ, ಏಕೆಂದರೆ ಅವೆರಡೂ ಏಕಕಾಲದಲ್ಲಿ ನಿಜವಾಗಿರಬಲ್ಲವು ಎಂದು ಅವನು ಎತ್ತಿ ತೋರಿಸಿದನು.

ಆರು ಮುಖದ ದಾಳವೊಂದನ್ನು ಎಸೆದರೆ ಈ ಮಾತು ತಿಳಿಯಾಗುತ್ತದೆ. ಬೀಳುವ ಸಂಖ್ಯೆ ಏಳಕ್ಕಿಂತ ಕಡಮೆ ಇರಲೇಬೇಕು. ಆರು ಬೀಳಬಹುದು. ಆರು ಬೀಳದಿರಬಹುದು. ಏಳು ಬೀಳಲಾರದು. ಹೀಗೆ ನಾಲ್ಕು ಮೂಲೆಗಳು ದೊರೆತುವು: ಅನಿವಾರ್ಯ, ಸಾಧ್ಯ, ಅನಿವಾರ್ಯವಲ್ಲ, ಅಸಾಧ್ಯ. “ಅಲ್ಲ” ಎಂಬ ಮಾತು ಕೂಡುವ ಸ್ಥಳಗಳು ಎರಡು ಎಂಬುದನ್ನು ಇಲ್ಲಿ ಗಮನಿಸಬೇಕು. ಅನಿವಾರ್ಯತೆಯನ್ನೇ ಅಲ್ಲಗಳೆದರೆ “ಆಗಲೇಬೇಕೆಂದಿಲ್ಲ” ಎಂದಾಗುತ್ತದೆ. ಕ್ರಿಯೆಯನ್ನು ಅಲ್ಲಗಳೆದರೆ “ಆಗದೆಯೇ ಇರಬೇಕು” ಎಂದಾಗುತ್ತದೆ, ಅಂದರೆ “ಆಗಲಾರದು”. ಇವೆರಡಕ್ಕೂ ಇರುವ ದೂರ ಬಾಗಿಲು ತೆರೆದಿರುವುದಕ್ಕೂ ಮುಚ್ಚಿರುವುದಕ್ಕೂ ಇರುವಷ್ಟು.

ಇನ್ನು ಝೆಕ್ ಭಾಷೆಯನ್ನೇ ಏಕೆ ಎಳೆದು ತರಬೇಕು? ಅದಕ್ಕೆ ಕಾರಣವುಂಟು. ಇಂಗ್ಲಿಷನ್ನು ತಮ್ಮ ನುಡಿಯೊಡನೆ ಎದುರುಬದಿರಾಗಿ ಇಟ್ಟು ಶಾಸ್ತ್ರೀಯವಾಗಿ ಹೋಲಿಸುವ ಕೆಲಸವನ್ನು ಪ್ರಾಗ್ ನಗರದ ವಿದ್ವಾಂಸರು ಬಹು ಶ್ರದ್ಧೆಯಿಂದ ನಡೆಸಿದರು. 1926ರಲ್ಲಿ ಅಲ್ಲಿ ಸ್ಥಾಪನೆಯಾದ ಭಾಷಾಶಾಸ್ತ್ರ ಮಂಡಲಿಯ ಮುಖ್ಯರಾದ ವಿಲೆಮ್ ಮಾಥೆಸಿಯುಸ್ ಅವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದರು. ಒಂದು ಭಾಷೆಯ ಸ್ವಭಾವ ಇನ್ನೊಂದರ ಪಕ್ಕದಲ್ಲಿ ಇಟ್ಟಾಗಲೇ ಚೆನ್ನಾಗಿ ಕಾಣುತ್ತದೆಂಬುದು ಅವರ ನಿಲುವು. ಅದೇ ಪ್ರಾಗ್ ನಗರದಲ್ಲಿ ಹುಟ್ಟಿದ ಕಮಿಲ್ ಜ್ವೆಲೆಬಿಲ್ ಅವರು ದ್ರಾವಿಡ ಭಾಷೆಗಳಲ್ಲಿ ದೊಡ್ಡ ಪಂಡಿತರಾದರು. ನೀಲಗಿರಿ ಸೀಮೆಯ ಜೇನುಕುರುಬರ ನುಡಿಯನ್ನು ಕುರಿತು 1988ರಲ್ಲಿ ಒಂದು ವರದಿಯನ್ನೂ ಪ್ರಕಟಿಸಿದರು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಹಾಡಿಗಳಲ್ಲಿ ವಾಸಿಸುವವರೂ ಜೇನುಕುರುಬರೇ. ಹೀಗಿರಲು ಝೆಕ್ ನಮಗೆ ತೀರ ಪರಸ್ಥಳದ ನುಡಿಯೇನೂ ಅಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಂಗ್ಲಿಷಿನ ಮಸ್ಟ್, ಝೆಕ್ಕಿನ ಮುಸೀಷ್, ಕನ್ನಡದ ಬೇಕು, ಇವು ಮೂರೂ ಸರಿಸುಮಾರು ಒಂದೇ ಅರ್ಥದವು. “ನೀನು ಹೋಗಬೇಕು” ಎಂಬುದನ್ನು ಮೂರರಲ್ಲಿಯೂ ಯಾವ ಅಡ್ಡಿಯೂ ಇಲ್ಲದೆ ಹೇಳಬಹುದು. ಝೆಕ್ಕಿನಲ್ಲಿ ನಿಷೇಧಕ್ಕೆ ಕ್ರಿಯಾಪದದ ಮುಂದೆ “ನೆ” ಎಂಬ ಅಕ್ಷರವನ್ನು ಅಂಟಿಸುತ್ತಾರೆ. “ಮುಸೀಷ್” ಎಂಬುದು “ನೆಮುಸೀಷ್” ಆಗುತ್ತದೆ. ಇದರ ಅರ್ಥವೇನು? “ಹೋಗಬಾರದು” ಎಂದಲ್ಲ, “ಹೋಗಬೇಕಾಗಿಲ್ಲ” ಎಂದು. ಇಂಗ್ಲಿಷಿನಲ್ಲಿ ಮಸ್ಟ್ ಮುಂದೆ ನಾಟ್ ಸೇರಿಸಿದರೆ “ಮಸ್ಟ್ ನಾಟ್”. ಇದರ ಅರ್ಥವಾದರೋ “ಹೋಗಬಾರದು” ಎಂದೇ. ಒಂದರಲ್ಲಿ ನಿಷೇಧವು ಅನಿವಾರ್ಯತೆಯನ್ನು ಕಿತ್ತುಹಾಕಿತು. ಇನ್ನೊಂದರಲ್ಲಿ ಅನಿವಾರ್ಯತೆಯನ್ನು ಹಾಗೆಯೇ ಬಿಟ್ಟು ಕ್ರಿಯೆಯನ್ನು ಹಿಡಿದುಕೊಂಡಿತು. ಇಂಗ್ಲಿಷನ್ನು ಕಲಿಯುವ ಝೆಕ್ ವಿದ್ಯಾರ್ಥಿಗಳು “ನೀವು ಕಾಯಬೇಕಾಗಿಲ್ಲ” ಎನ್ನಲು ಹೋಗಿ “ನೀವು ಕಾಯಕೂಡದು” ಎಂದುಬಿಡುವುದು ಅಲ್ಲಿಯ ಉಪಾಧ್ಯಾಯರಿಗೆ ಚಿರಪರಿಚಿತವಾದ ತಪ್ಪು. ಜರ್ಮನರದೂ ಇದೇ ಪಾಡು, ಅವರ ಭಾಷೆಯೂ ಈ ವಿಷಯದಲ್ಲಿ ಝೆಕ್ಕಿನಂತೆಯೇ ನಡೆಯುವುದರಿಂದ.

ಇಂಗ್ಲಿಷು ತನ್ನ “ಬೇಕಾಗಿಲ್ಲ”ಕ್ಕೆ “ನೀಡ್ ನಾಟ್” ಎಂಬ ಬೇರೆ ಮಾತನ್ನು ಇಟ್ಟುಕೊಂಡಿದೆ. ಝೆಕ್ಕು ತನ್ನ “ಬಾರದು”ವಿಗೆ “ನೆಸ್ಮೀಷ್” ಎಂಬ ಬೇರೆ ಕ್ರಿಯಾಪದವನ್ನು ಇಟ್ಟುಕೊಂಡಿದೆ. “ಸ್ಮೀಷ್” ಎಂದರೆ “ನಿನಗೆ ಅಪ್ಪಣೆಯಿದೆ” ಎಂದರ್ಥ, “ನೆಸ್ಮೀಷ್” ಎಂದರೆ “ಅಪ್ಪಣೆಯಿಲ್ಲ”. ಅಂದರೆ ಎರಡು ಭಾಷೆಗಳಿಗೂ ಎರಡು ಅರ್ಥಗಳೂ ಬೇಕಾಗಿವೆ, ಎರಡೂ ಅವುಗಳಲ್ಲಿ ಇವೆ. ಯಾವ ಪೆಟ್ಟಿಗೆಯಲ್ಲಿ ಯಾವುದನ್ನು ಇಟ್ಟಿದೆ ಎಂಬುದರಲ್ಲಿ ಮಾತ್ರ ಭೇದ.

ಕನ್ನಡವು ಇವೆರಡಕ್ಕಿಂತ ಹೆಚ್ಚು ಪೆಟ್ಟಿಗೆಗಳನ್ನು ಇಟ್ಟುಕೊಂಡಿದೆ. “ಹೋಗಬೇಕು” ಎಂಬುದಕ್ಕೆ ಎದುರಾಗಿ “ಹೋಗಬೇಡ”, “ಹೋಗುವುದು ಬೇಡ”, “ಹೋಗಬೇಕಾಗಿಲ್ಲ”, “ಹೋಗಬಾರದು”, “ಹೋಗಕೂಡದು” ಎಂಬಿವೆಲ್ಲ ಇವೆ. “ಬೇಕು” ಎಂಬುದಕ್ಕೆ ನೇರ ಪ್ರತಿಪಕ್ಷ “ಬೇಡ”. ವಸ್ತುಗಳ ವಿಷಯದಲ್ಲಿ ಇದು ಸ್ವಚ್ಛವಾಗಿಯೇ ಇದೆ. “ನನಗೆ ನೀರು ಬೇಡ” ಎಂದರೆ ನೀರಿನ ಅಗತ್ಯವಿಲ್ಲ ಎಂದಷ್ಟೇ, ನೀರಿಗೆ ನಿಷೇಧವಿಲ್ಲ. ಆದರೆ ಕ್ರಿಯೆಗೆ ಅಂಟಿದೊಡನೆಯೇ “ಹೋಗಬೇಡ” ಎಂಬುದು ತಡೆಯುವ ಆಜ್ಞೆಯಾಗುತ್ತದೆ. ಇಲ್ಲಿ ನಮ್ಮ “ಬೇಡ”ವು ಇಂಗ್ಲಿಷಿನ “ಮಸ್ಟ್ ನಾಟ್” ಹಿಡಿದ ದಾರಿಯನ್ನೇ ಹಿಡಿದಿದೆ. ಅದರಿಂದ ತೆರವಾದ “ಅಗತ್ಯವಿಲ್ಲ” ಎಂಬ ಸ್ಥಾನವನ್ನು “ಬೇಕು”, “ಇಲ್ಲ” ಎಂಬೆರಡನ್ನು ಹೊಂದಿಸಿ ಮಾಡಿದ “ಬೇಕಿಲ್ಲ”, “ಬೇಕಾಗಿಲ್ಲ” ಎಂಬ ರೂಪಗಳು ತುಂಬಿವೆ. ಹೀಗೆ ಒಂದೇ ಭಾಷೆಯೊಳಗೆ ಇಂಗ್ಲಿಷಿನ ನಡೆಯೂ ಝೆಕ್ಕಿನ ನಡೆಯೂ ಒಟ್ಟಿಗೆ ಕಾಣುತ್ತವೆ. ಇದು ನನಗೆ ಬಹಳ ಸೊಗಸಾಗಿ ತೋರುತ್ತದೆ.

ಇದರ ಪರಿಣಾಮ ತರಗತಿಯಲ್ಲಿ ಹೇಗೆ ತಲೆದೋರುತ್ತದೆಂಬುದಕ್ಕೆ ಒಂದು ಉದಾಹರಣೆ. ಪ್ರಯೋಗದ ಸೂಚನೆಯಲ್ಲಿ, ಎರಡು ಓದುಗಳ ನಡುವೆ ವಿದ್ಯುತ್ ಸ್ವಿಚ್ಚನ್ನು ಆರಿಸುವ ಅಗತ್ಯವಿಲ್ಲವೆಂದು “ನೀಡ್ ನಾಟ್” ಬಳಸಿ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ವಿದ್ಯಾರ್ಥಿ ಅದನ್ನು ಮನಸ್ಸಿನಲ್ಲೇ “ಆರಿಸುವುದು ಬೇಡ” ಎಂದು ಕನ್ನಡಿಸಿಕೊಳ್ಳುತ್ತಾನೆ. ಅಲ್ಲಿಂದ ಒಂದೇ ಹೆಜ್ಜೆಗೆ “ಆರಿಸಬೇಡ”, “ಆರಿಸಬಾರದು” ಎಂದಾಗುತ್ತದೆ. ತಂತಿ ಕಾಯುತ್ತಿದ್ದರೂ, ಸುಟ್ಟ ವಾಸನೆ ಬಂದರೂ ಅವನು ಸ್ವಿಚ್ಚಿಗೆ ಕೈಹಾಕುವುದಿಲ್ಲ. ಔಷಧದ ಚೀಟಿಯಲ್ಲಿ “ಊಟದ ನಂತರವೇ ತೆಗೆದುಕೊಳ್ಳಬೇಕಾಗಿಲ್ಲ” ಎಂಬುದು “ಊಟದ ನಂತರ ತೆಗೆದುಕೊಳ್ಳಬಾರದು” ಎಂದಾದರೆ ಏನಾದೀತೆಂಬುದನ್ನು ವಾಚಕರೇ ಊಹಿಸಿಕೊಳ್ಳಲಿ.

ಈ ಪದಗಳ ಹುಟ್ಟನ್ನು ಒಂದಿಷ್ಟು ಕೆದಕಿದರೆ ಇನ್ನೂ ಕುತೂಹಲದ ಸಂಗತಿಗಳು ಸಿಕ್ಕುತ್ತವೆ. ನಮ್ಮ “ಬೇಕು” ಹಳಗನ್ನಡದಲ್ಲಿ “ಬೇೞ್ಕುಂ” ಎಂದಿತ್ತು. ಬಯಕೆ ಅದರ ಮೂಲಾರ್ಥ. ತಮಿಳಿನ ವೇಂಡುಂ, ವೇಂಡಾಂ, ಕೋಟೆಯ ಗಡಿಯಾಚೆ ವಯನಾಡಿನಲ್ಲಿ ಕೇಳಿಸುವ ಮಲಯಾಳದ ವೇಣಂ, ವೇಂಡ, ಇವೆಲ್ಲ ಅದರ ಬಳಗದವೇ. ಬಯಸಿದ್ದು ಬರುಬರುತ್ತಾ ಬಾಧ್ಯತೆಯಾಯಿತು; ಸಂಸಾರಿಗಳಿಗೆ ಇದರಲ್ಲಿ ಅಚ್ಚರಿಯೇನೂ ತೋರದು. “ಬಹುದು” ಮತ್ತು “ಬಾರದು” ಎಂಬಿವೆರಡೂ “ಬರು” ಎಂಬ ಧಾತುವಿನವು: ಬರುವುದು, ಬಾರದಿರುವುದು. “ಕೂಡದು” ಎಂಬುದು “ಕೂಡು” ಧಾತುವಿನದು, ಹೊಂದಿಕೆಯಾಗದು ಎಂಬ ಭಾವದ್ದು. ಇಂಗ್ಲಿಷಿನ “ಮೇ” ಎಂಬುದು ಮೊದಲಲ್ಲಿ ಬಲವುಳ್ಳದ್ದಾಗಿರುವುದು ಎಂಬರ್ಥದಲ್ಲಿತ್ತು. “ಅವನು ಸಮರ್ಥ” ಎಂಬರ್ಥದ ಝೆಕ್ಕಿನ “ಮೂಝೆ” ಅದರ ದೂರದ ನಂಟ. “ಕ್ಯಾನ್” ಎಂಬುದಕ್ಕೆ ಮೊದಲು “ತಿಳಿದಿದ್ದೇನೆ” ಎಂದರ್ಥ. “ಮಸ್ಟ್” ಮೂಲದಲ್ಲಿ ಭೂತಕಾಲದ ರೂಪ. ಝೆಕ್ಕಿನವರ “ಮುಸೀಷ್” ಅವರ ಸ್ವಂತ ಆಸ್ತಿಯಲ್ಲ, ನೆರೆಯ ಜರ್ಮನಿನಿಂದ ತಂದ ಕಡ. ಇಷ್ಟು ಅವಶ್ಯವಾದ ಪದವನ್ನೂ ಕಡ ತರಬಹುದೇ ಎಂದು ಕೇಳುವಂತಿಲ್ಲ. “ಅವಶ್ಯ”, “ಅಗತ್ಯ” ಎಂಬುವನ್ನು ನಾವೂ ಸಂಸ್ಕೃತದಿಂದ ತಂದಿದ್ದೇವಷ್ಟೆ.

“ಕ್ಯಾನ್” ಪದದ ಮಾತು ಬಂದುದರಿಂದ ಸಾಮರ್ಥ್ಯವನ್ನು ಕುರಿತು ಒಂದೆರಡು ಮಾತು. ಈಜುವ ವಿದ್ಯೆ ಗೊತ್ತಿರುವವನೂ, ವಿದ್ಯೆ ಗೊತ್ತಿದ್ದು ಇಂದು ಹೊಳೆ ಶಾಂತವಾಗಿರುವುದರಿಂದ ಈಜಲು ಅನುಕೂಲವಿರುವವನೂ ಇಂಗ್ಲಿಷಿನಲ್ಲಿ “ಕ್ಯಾನ್” ಎಂದೇ ಹೇಳುತ್ತಾರೆ. ಝೆಕ್ಕಿನಲ್ಲಿ ಮೊದಲನೆಯದಕ್ಕೆ “ಉಮೀಮ್”, ಎರಡನೆಯದಕ್ಕೆ “ಮೂಝು”. ಒಂದರ ಜಾಗದಲ್ಲಿ ಇನ್ನೊಂದನ್ನು ಹೇಳಿದರೆ ಕೇಳುವವರಿಗೆ ಕೂಡಲೇ ಗೊತ್ತಾಗುತ್ತದೆ. ಕನ್ನಡವು ಇಲ್ಲಿ ಝೆಕ್ಕಿನ ಪಕ್ಷ: “ನನಗೆ ಈಜು ಬರುತ್ತದೆ”, “ನನಗೆ ಇಂದು ಈಜಲು ಆಗುತ್ತದೆ.” ಲಕ್ಷ್ಮಣತೀರ್ಥ ತುಂಬಿ ಹರಿಯುವಾಗ ಈಜು ಬರುವವನಿಗೂ ಈಜಲು ಆಗುವುದಿಲ್ಲ. ಇದಲ್ಲದೆ “ಬಲ್ಲೆ”, “ಲಾರೆ” ಎಂಬ ಜೋಡಿಯೂ ನಮ್ಮಲ್ಲಿದೆ. ಬೇಕು, ಬಹುದು, ಬಾರದುಗಳು ನಾನು, ನೀನು, ಅವರು ಎಂಬ ಭೇದವನ್ನು ಎಣಿಸುವುದಿಲ್ಲ; ಬಲ್ಲೆ, ಬಲ್ಲೆ‌ವು, ಬಲ್ಲನು, ಲಾರೆ, ಲಾರನು, ಲಾರದು ಎಂದು ಇವು ಮಾತ್ರ ಕರ್ತೃವನ್ನು ಅನುಸರಿಸುತ್ತವೆ. ಸಾಮರ್ಥ್ಯವೆಂಬುದು ವ್ಯಕ್ತಿಯೊಳಗಿನ ಗುಣ, ವಿಧಿಯೆಂಬುದು ಹೊರಗಿನಿಂದ ಬಂದು ಬೀಳುವುದು ಎಂಬುದಕ್ಕೆ ಇದು ಹೊಂದುತ್ತದೆ. ಆದರೆ ಝೆಕ್ಕಿನಲ್ಲಿ ಎಲ್ಲ ಪ್ರಕಾರಸೂಚಕಗಳೂ ಕರ್ತೃವನ್ನು ಅನುಸರಿಸುವುದರಿಂದ, ಈ ಹೊಂದಿಕೆಯ ಮೇಲೆ ಸಿದ್ಧಾಂತವನ್ನು ಕಟ್ಟಲಾಗದು.

ಇಷ್ಟು ಹೊತ್ತು ಹೇಳಿದುದು ವಿಧಿಯ “ಬೇಕು”. ತರ್ಕದ “ಬೇಕು” ಎಂಬುದೊಂದು ಬೇರೆ ಇದೆ. “ಇಷ್ಟು ಹೊತ್ತಿಗೆ ಬಸ್ಸು ಹುಣಸೂರನ್ನು ಬಿಟ್ಟಿರಬೇಕು” ಎನ್ನುವವನು ಬಸ್ಸಿಗೆ ಆಜ್ಞೆ ಮಾಡುತ್ತಿಲ್ಲ. ಗಡಿಯಾರವನ್ನು ನೋಡಿ ನಿರ್ಣಯಕ್ಕೆ ಬಂದಿದ್ದಾನೆ. ಇಂಗ್ಲಿಷಿನಲ್ಲಿಯೂ ಝೆಕ್ಕಿನಲ್ಲಿಯೂ ವಿಧಿಯ ಪದವೇ ಈ ಕೆಲಸಕ್ಕೂ ಬರುತ್ತದೆ. ಇದಕ್ಕೆ ನಮ್ಮ ಪರೀಕ್ಷಕ ದ್ರವ್ಯವನ್ನು ಹಾಕಿರಿ. ಕನ್ನಡದಲ್ಲಿ “ಬಸ್ಸು ಬಿಟ್ಟಿರಲಾರದು” ಎಂದಾಗುತ್ತದೆ. “ಬಿಟ್ಟಿರಬೇಡ” ಎಂದು ಯಾರೂ ಹೇಳರು. ಇಂಗ್ಲಿಷಿನಲ್ಲಿ ಸಾಧಾರಣವಾಗಿ “ಮಸ್ಟ್” ಹೋಗಿ “ಕ್ಯಾನ್ ನಾಟ್” ಬರುತ್ತದೆ. ಝೆಕ್ಕಿನಲ್ಲಿ “ಮುಸೀ” ಹೋಗಿ “ನೆಮೂಝೆ” ಬರುತ್ತದೆ. ಮೂರು ಭಾಷೆಗಳೂ ಒಟ್ಟಾಗಿ ಬೇಕು ಎಂಬ ಮೂಲೆಯಿಂದ ಎದ್ದು ಅಸಾಧ್ಯವೆಂಬ ಮೂಲೆಗೆ ಹೋಗಿ ಕೂರುತ್ತವೆ. ಇದು ಕಾಕತಾಳೀಯವಲ್ಲ. ನಮ್ಮ ದಾಳದ ಚೌಕದಲ್ಲಿ “ಆಗದೆಯೇ ಇರಬೇಕು” ಎಂಬುದೂ “ಆಗಲಾರದು” ಎಂಬುದೂ ಒಂದೇ ಬಿಂದು.

ಝೆಕ್ಕು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. “ನಾಳೆ ಮಳೆ ಬಾರದಿರಬಹುದು” ಎನ್ನಲು ಅವರು “ನೆಮುಸೀ” ಎಂಬ ಪದವನ್ನೇ ಬಳಸುತ್ತಾರೆ. ಅಕ್ಷರಶಃ “ಬರಲೇಬೇಕೆಂದಿಲ್ಲ” ಎಂದು. ತರ್ಕದಲ್ಲಿ “ಅನಿವಾರ್ಯವಲ್ಲ” ಎಂಬುದೂ “ಆಗದಿರಬಹುದು” ಎಂಬುದೂ ಸಮ. ಝೆಕ್ಕಿನ ರೈತನು ಅರಿಸ್ಟಾಟಲನನ್ನು ಓದದೆಯೇ ಅದನ್ನು ಆಡಿ ತೋರಿಸುತ್ತಾನೆ. ಇಂಗ್ಲಿಷಿನ “ಮೇ ನಾಟ್” ಮಾತ್ರ ಇಲ್ಲಿ ಎರಡು ದೋಣಿಯಲ್ಲಿ ಕಾಲಿಟ್ಟಿದೆ: ಆನೆಯ ವಿಷಯದಲ್ಲಿ ಅದು “ಬಾರದಿರಬಹುದು”, ನಿಮ್ಮ ವಿಷಯದಲ್ಲಿ “ಬರಬಾರದು”. ಅಪಾಯದ ಎಚ್ಚರಿಕೆಗಳನ್ನು ಬರೆಯುವವರು ಈ ಜೋಡುಪದದಿಂದ ದೂರವಿದ್ದಷ್ಟೂ ಒಳ್ಳೆಯದು.

ನಮ್ಮ ಬಾರದು ಕೂಡ ಯಾವಾಗಲೂ ಗದರಿಸುವುದಿಲ್ಲವೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಪ್ರಶ್ನೆಯಾದೊಡನೆ ಅದು ಮೃದುವಾಗುತ್ತದೆ. “ಒಮ್ಮೆ ಏಕೆ ನೋಡಬಾರದು?” ಎಂಬುದು ಸಲಹೆ. ಮುಂಗಾರಿನಲ್ಲಿ ಹೊಗೆಸೊಪ್ಪಿನ ಸಸಿಯನ್ನು ನೆಟ್ಟು ಆಕಾಶವನ್ನು ನೋಡುತ್ತ ನಿಂತ ಪಿರಿಯಾಪಟ್ಟಣದ ರೈತನು “ಒಂದು ಹದಮಳೆ ಬರಬಾರದೇ!” ಎಂದರೆ ಅದು ಪ್ರಾರ್ಥನೆ. ಹಾಗೆಯೇ “ಮದುವೆಗೆ ತಾವೆಲ್ಲರೂ ಬರಬೇಕು” ಎಂಬ “ಬೇಕು” ಆಜ್ಞೆಯಲ್ಲ, ವಿನಯ.

ಭೂತಕಾಲದಲ್ಲಿ ಕನ್ನಡದ ಸಂಪತ್ತು ಇನ್ನೂ ಚೆನ್ನಾಗಿ ಕಾಣುತ್ತದೆ. “ಅವನು ಹೊರಡಬೇಕಾಯಿತು” ಎಂದರೆ ಬಲವಂತವಿತ್ತು, ಹೊರಟನು. “ಹೊರಡಬೇಕಿತ್ತು” ಎಂದರೆ ಕರ್ತವ್ಯವಿತ್ತು, ಪ್ರಾಯಶಃ ಹೊರಡಲಿಲ್ಲ. “ಹೊರಟಿರಬೇಕು” ಎಂದರೆ ಅವನು ಹೊರಟನೆಂದು ನಾವು ಊಹಿಸುತ್ತೇವೆ. ಇಂಗ್ಲಿಷಿಗೆ ಈ ಮೂರನ್ನು ಹೇಳಲು ಮೂರು ಬೇರೆ ಸಹಾಯಕ ಪದಗಳ ಕಟ್ಟುಗಳು ಬೇಕು, ಏಕೆಂದರೆ “ಮಸ್ಟ್” ಪದಕ್ಕೆ ಈಗ ಭೂತಕಾಲವಿಲ್ಲ. ಝೆಕ್ಕಿನಲ್ಲಿ “ಮುಸೆಲ್ ಒದೆಯೀತ್” ಎಂಬ ಒಂದೇ ನುಡಿ ಮೊದಲನೆಯ ಅರ್ಥವನ್ನೂ ಮೂರನೆಯದನ್ನೂ ಹೊತ್ತಿರುತ್ತದೆ; ಸಂದರ್ಭದಿಂದ ತಿಳಿಯಬೇಕು. ಪೊಲೀಸರ ಮುಂದೆ ಹೇಳಿಕೆ ಕೊಡುವವನಿಗೆ ಈ ಭೇದ ಸಣ್ಣದಲ್ಲ. ಕೇಳಿದ ಸುದ್ದಿಯನ್ನು ಹೇಳುವ ನಮ್ಮ “ಅಂತೆ”ಗೂ ಝೆಕ್ಕಿನಲ್ಲಿ ಒಂದು ಸಾಟಿ ಇದೆ: “ಮಾ ಬೀತ್ ಬೊಹತೀ” ಎಂಬುದಕ್ಕೆ “ಅವನು ಶ್ರೀಮಂತನಂತೆ” ಎಂಬರ್ಥವೂ ಇದೆ, “ಅವನು ಶ್ರೀಮಂತನಾಗಿರಬೇಕೆಂದಿದೆ” ಎಂಬರ್ಥವೂ ಇದೆ. “ಅಂತೆ” ಎಂಬ ಎರಡಕ್ಷರದ ಚುರುಕು ಮಾತ್ರ ಇಂಗ್ಲಿಷಿಗೆ ಇಲ್ಲ.

ಇಲ್ಲದ ಇನ್ನೊಂದು ವಸ್ತು ನಮ್ಮ ಸಂಭಾವನಾರ್ಥಕ ರೂಪ. “ಕತ್ತಲಾಯಿತು, ಆ ಕಡೆ ಹೋಗಬೇಡಿ, ಆನೆ ಬಂದೀತು” ಎಂಬುದರಲ್ಲಿ ಸಾಧ್ಯತೆಯ ಜೊತೆಗೆ ಅಂಜಿಕೆಯೂ ಒಂದೇ ಪದದೊಳಗೆ ಅಡಗಿದೆ. “ಆನೆ ಬರಬಹುದು” ಎಂಬುದು ತಣ್ಣನೆಯ ಲೆಕ್ಕಾಚಾರ. “ಬಂದೀತು” ಎಂಬುದು ಮೈಮೇಲಿನ ಕೂದಲು. ಇಂದಿನ ಪತ್ರಿಕೆಗಳಲ್ಲಿ ಈ ರೂಪ ಕಡಮೆಯಾಗುತ್ತಿರುವುದು ನನಗೆ ನಷ್ಟವೆಂದೇ ತೋರುತ್ತದೆ.

ಇನ್ನು ವಿಜ್ಞಾನದ ಭಾಷೆಗೆ ಬರೋಣ. ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯಬೇಕು ಎಂದು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿ ಪ್ರಯೋಗಶಾಲೆಯಲ್ಲಿ ನೀರನ್ನು ಕಾಯಿಸುತ್ತಾನೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದ ಈ ಸೀಮೆಯಲ್ಲಿ ವಾಯುವಿನ ಒತ್ತಡ ಕಡಮೆ. ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ತಾಪಮಾಪಕ 97 ತೋರಿಸುತ್ತದೆ, ವಿದ್ಯಾರ್ಥಿ 100 ಎಂದು ಬರೆಯುತ್ತಾನೆ. ಅವನು ಸುಳ್ಳುಗಾರನಲ್ಲ. ಪುಸ್ತಕದ “ಬೇಕು” ತರ್ಕದ “ಬೇಕು”: ಒತ್ತಡ ಇಷ್ಟಿದ್ದರೆ ತಾಪ ಇಷ್ಟಿರಬೇಕು. ಅವನು ಅದನ್ನು ವಿಧಿಯ “ಬೇಕು” ಎಂದು ಓದಿದ್ದಾನೆ: ನೀರಿಗೂ ತನಗೂ ಆಗಿರುವ ಆಜ್ಞೆ ಎಂದು. ಆಜ್ಞೆಯನ್ನು ನೀರು ಮೀರಿದ್ದರೆ ತಾನಾದರೂ ಪಾಲಿಸೋಣವೆಂದು ಅಂಕಿಯನ್ನು ತಿದ್ದುತ್ತಾನೆ. “ನೂರಕ್ಕೆ ಕುದಿಯಲಿಲ್ಲವಾದರೆ ಇಲ್ಲಿಯ ಒತ್ತಡ ಎಷ್ಟಿರಬೇಕು?” ಎಂದು ಕೇಳಿದರೆ ಅದೇ ವಿದ್ಯಾರ್ಥಿ ಉತ್ಸಾಹದಿಂದ ಲೆಕ್ಕ ಹಾಕುವುದನ್ನು ನೋಡಬಹುದು; ಆ ಪ್ರಶ್ನೆಯಲ್ಲಿಯ “ಬೇಕು” ಯಾರಿಗೂ ಆಜ್ಞೆಯಾಗಿ ಕೇಳಿಸುವುದಿಲ್ಲ.

ಉಷ್ಣಶಾಸ್ತ್ರದ ಎರಡನೆಯ ನಿಯಮವನ್ನು ಜರ್ಮನಿಯ ಕ್ಲಾಸಿಯಸ್ 1850ರ ದಶಕದಲ್ಲಿ ನಿರೂಪಿಸಿದನು. ಅದನ್ನು ಕನ್ನಡಿಸುವಾಗ “ಶಾಖವು ತಣ್ಣನೆಯ ವಸ್ತುವಿನಿಂದ ಬಿಸಿ ವಸ್ತುವಿಗೆ ತಾನಾಗಿ ಹರಿಯಲಾರದು” ಎನ್ನಬೇಕು. “ಹರಿಯಬಾರದು” ಎಂದರೆ ಪ್ರಕೃತಿನಿಯಮ ಪೌರಸಭೆಯ ನಿಯಮವಾಗಿಬಿಡುತ್ತದೆ. ಪೌರಸಭೆಯ ನಿಯಮವನ್ನು ಮುರಿಯಬಹುದು, ದಂಡ ಕೊಟ್ಟರಾಯಿತು. ವಿಕಿರಣಶೀಲ ಪರಮಾಣುವಿನ ವಿಷಯದಲ್ಲಾದರೋ “ಬಹುದು” ಎಂಬುದೇ ನಿಯಮದ ತಿರುಳು. ಒಂದು ಕಾರ್ಬನ್-14 ಪರಮಾಣು ಇಂದು ಸಿಡಿಯಬಹುದು, ಸಿಡಿಯದಿರಬಹುದು. ಕೋಟ್ಯಂತರ ಪರಮಾಣುಗಳನ್ನು ಒಟ್ಟಿಗೆ ನೋಡಿದರೆ ಸುಮಾರು 5,730 ವರ್ಷಗಳಲ್ಲಿ ಅರ್ಧದಷ್ಟು ಸಿಡಿದಿರುತ್ತವೆ. ಇಲ್ಲಿಯ “ಬಹುದು” ನಮ್ಮ ಅಜ್ಞಾನದ “ಬಹುದು” ಅಲ್ಲ, ಅಳೆದು ಕೊಟ್ಟ “ಬಹುದು”. ಈ ಎರಡಕ್ಕೂ ಬೇರೆ ಪದ ಮೂರು ಭಾಷೆಗಳಲ್ಲಿಯೂ ಇಲ್ಲ. ನಿಷೇಧದ ಪರೀಕ್ಷೆಯೂ ಇಲ್ಲಿ ಕೈಕೊಡುತ್ತದೆ.

ಯಂತ್ರ ಮತ್ತು ವಸ್ತುಗಳ ಮಾನಕಗಳನ್ನು ಬರೆಯುವ ಅಂತರರಾಷ್ಟ್ರೀಯ ಸಂಸ್ಥೆಯು ಈ ಗೊಂದಲವನ್ನು ತಾಳಲಾರದೆ ಇಂಗ್ಲಿಷಿನ ಪದಗಳನ್ನು ಹಂಚಿಬಿಟ್ಟಿದೆ: ಕಡ್ಡಾಯಕ್ಕೆ “ಶಾಲ್”, ಶಿಫಾರಸಿಗೆ “ಶುಡ್”, ಅನುಮತಿಗೆ “ಮೇ”, ಸಾಧ್ಯತೆಗೂ ಸಾಮರ್ಥ್ಯಕ್ಕೂ “ಕ್ಯಾನ್”. ನಮ್ಮ ಕಾನೂನಿನ ಕನ್ನಡವೂ ಕಡ್ಡಾಯಕ್ಕೆ “ತಕ್ಕದ್ದು” ಎಂಬುದನ್ನು ಮೀಸಲಿಟ್ಟುಕೊಂಡಿದೆ. ಕೇಳಲು ಸ್ವಲ್ಪ ಒರಟು; ಆದರೆ ಅರ್ಥದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಪ್ರಯೋಗದ ಸೂಚನೆಗಳನ್ನು ಕನ್ನಡದಲ್ಲಿ ಬರೆಯುವವರು ಇಂತಹುದೇ ಒಂದು ಹಂಚಿಕೆಯನ್ನು ಒಪ್ಪಿಕೊಂಡರೆ ಪ್ರಯೋಜನವಾದೀತು: ಕಡ್ಡಾಯಕ್ಕೆ ಬೇಕು, ಅಪಾಯಕ್ಕೆ ಕೂಡದು, ಅನಗತ್ಯಕ್ಕೆ ಬೇಕಾಗಿಲ್ಲ, ಭೌತಿಕವಾಗಿ ಅಸಾಧ್ಯವಾದುದಕ್ಕೆ ಲಾರದು. ಬೇಡ ಎಂಬುದನ್ನು ಊಟದ ಪಂಕ್ತಿಗೆ ಬಿಡಬಹುದು.

ವಿಜ್ಞಾನಿಗಳೇ ಈ ವಿಷಯದಲ್ಲಿ ಎಚ್ಚರ ತಪ್ಪಿದ ಒಂದು ಪ್ರಸಂಗವುಂಟು. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಎಂಬ ಇಂಗ್ಲೆಂಡಿನ ಖಗೋಳಜ್ಞನು ಒಂದು ನೀಹಾರಿಕೆಯ ಬೆಳಕನ್ನು ಒಡೆದು ನೋಡಿದಾಗ ಹಸಿರು ರೇಖೆಗಳು ಕಂಡುವು. ಭೂಮಿಯ ಮೇಲೆ ಅವುಗಳನ್ನು ಯಾರೂ ಕಂಡಿರಲಿಲ್ಲ. ಆದುದರಿಂದ ನೆಬ್ಯುಲಿಯಂ ಎಂಬ ಹೊಸ ಧಾತುವೇ ಇರಬೇಕೆಂದು ತರ್ಕಿಸಿದರು. 1927ರಲ್ಲಿ ಅಮೆರಿಕದ ಐರಾ ಬೋವೆನ್ ಅದನ್ನು ಬಿಡಿಸಿದನು. ಅವು ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಆಕ್ಸಿಜನ್ನಿನ ರೇಖೆಗಳು; ತರಂಗದೂರ 500.7 ಮತ್ತು 495.9 ನ್ಯಾನೋಮೀಟರು. ಕ್ವಾಂಟಂ ಶಾಸ್ತ್ರದ ಸಾಮಾನ್ಯ ನಿಯಮಗಳ ಪ್ರಕಾರ ಅಂತಹ ಜಿಗಿತಕ್ಕೆ “ಅಪ್ಪಣೆಯಿಲ್ಲ”. ಆದುದರಿಂದ ಇಂಗ್ಲಿಷಿನಲ್ಲಿ ಅವುಗಳ ಹೆಸರು ನಿಷಿದ್ಧ ರೇಖೆಗಳು. ವಾಸ್ತವವಾಗಿ ಜಿಗಿತ ಅಸಾಧ್ಯವಲ್ಲ, ಬಹಳ ನಿಧಾನ. ಭೂಮಿಯ ಮೇಲಣ ಅನಿಲದಲ್ಲಿ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆಳಕು ಸೂಸುವ ಮೊದಲೇ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ನೀಹಾರಿಕೆಯ ಅತಿ ವಿರಳವಾದ ಅನಿಲದಲ್ಲಿ ಹಲವು ಸೆಕೆಂಡುಗಳ ಕಾಲ ಯಾರೂ ಬಂದು ತಾಗುವುದಿಲ್ಲ. ಪರಮಾಣು ತನ್ನ ಪಾಡಿಗೆ ಬೆಳಕನ್ನು ಬಿಡುತ್ತದೆ. ಅಂದರೆ “ಬಾರದು” ಎಂದು ಹೆಸರಿಟ್ಟದ್ದು ನಿಜವಾಗಿ “ಬರಲಿಕ್ಕಿಲ್ಲ” ಎಂಬುದಷ್ಟೇ ಆಗಿತ್ತು. ಹೆಸರು ಮಾತ್ರ ಇಂದಿಗೂ ಬದಲಾಗಿಲ್ಲ, ನಮ್ಮ ಕನ್ನಡ ಪುಸ್ತಕಗಳೂ ಅದನ್ನು ನಿಷಿದ್ಧವೆಂದೇ ಅನುವಾದಿಸುತ್ತವೆ.